ಗುಂಡಿ ಮುಚ್ಚಿ, ಆಮೇಲೆ ಚರಿತ್ರೆ ಹೇಳಿ

ಮಾನ್ಯರೇ,

ಮಲ್ಲೇಶ್ವರದ ಪಾರಂಪರಿಕ ಫಲಕಗಳ ಕುರಿತ ನಿಮ್ಮ ವರದಿಯನ್ನು ನಾನು ಓದಿದ್ದು ಊದಿಕೊಂಡ ಪಾದವನ್ನು ಸ್ಟೂಲಿನ ಮೇಲಿಟ್ಟುಕೊಂಡು. ಚಿತ್ರದಲ್ಲಿ ಅಧಿಕಾರಿಗಳು ನಗುತ್ತ ನಿಂತಿರುವುದು ನಮ್ಮ ಗೇಟಿನ ಮುಂದೆ. ಚಿತ್ರದಲ್ಲಿ ಕಾಣದಿರುವುದು ಪಕ್ಕದ ಗುಂಡಿ. ಫಲಕ ನೆಡಲೆಂದು ಮೊದಲು ಅಗೆದಲ್ಲಿ ನೀರಿನ ಪೈಪು ಒಡೆದದ್ದರಿಂದ ಎರಡಡಿ ಆಚೆ ಇನ್ನೊಂದು ಅಗೆದು, ಹಳೆಯದನ್ನು ಹಾಗೆಯೇ ಬಿಟ್ಟು ಹೋದರು. ನಸುಕಿನಲ್ಲಿ ಹಾಲು ತರಲು ಹೊರಟ ನಾನು ಅದರೊಳಗೆ ಬಿದ್ದೆ. ಮೂರು ದಿನದಿಂದ ನಲ್ಲಿಯಲ್ಲಿ ನೀರಿಲ್ಲ, ಸ್ಕೂಟರ್ ಹೊರಗೆ ಬರುವಂತಿಲ್ಲ, ಗೇಟಿನ ಪಕ್ಕ ಹೂ ಮಾರುತ್ತಿದ್ದಾಕೆ ಬುಟ್ಟಿ ಇಡಲು ಜಾಗವಿಲ್ಲದೆ ಬರುವುದನ್ನೇ ಬಿಟ್ಟಿದ್ದಾಳೆ.

ಫಲಕದಲ್ಲಿ ನಿಜವಿದ್ದಿದ್ದರೆ ಇಷ್ಟನ್ನೂ ಸಹಿಸಬಹುದಿತ್ತು. ‘ಬ್ರಿಟಿಷರು ನಿರ್ಮಿಸಿದ ಬಡಾವಣೆ’ ಎಂದು ಬರೆಸಿದ್ದಾರೆ! ಬ್ರಿಟಿಷರ ದಂಡು (ಕಂಟೋನ್ಮೆಂಟ್) ಇದ್ದದ್ದು ಹಲಸೂರಿನ ಕಡೆಗೆ. ಮಲ್ಲೇಶ್ವರ ಮೈಸೂರು ಸರ್ಕಾರದ ಆಡಳಿತಕ್ಕೆ ಸೇರಿದ್ದು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟಿನಿಂದ ಹೊರಬಿದ್ದವರಿಂದ ಬೆಳೆದ ಬಡಾವಣೆಯಿದು. ನೇರ ರಸ್ತೆ, ಅಡ್ಡರಸ್ತೆ, ಮನೆಗಳ ಹಿಂದೆ ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ಇವೆಲ್ಲ ಯುರೋಪಿನ ನೈರ್ಮಲ್ಯದ ಲೆಕ್ಕಾಚಾರದಿಂದ ಬಂದವು ಎಂಬುದು ಸರಿಯೇ. ಆದರೆ ಹೆಸರು ಇಲ್ಲಿನ ಹಳೆಯ ಶಿವದೇವಾಲಯದ ಕಾಡು ಮಲ್ಲೇಶ್ವರನದು, ಜಾತಿಗೊಂದು ಭಾಗವೆಂದು ನಿವೇಶನ ಹಂಚಿದ ಬುದ್ಧಿಯೂ (ಹೆಮ್ಮೆಪಡುವಂಥದ್ದಲ್ಲ) ನಮ್ಮದೇ. ನಮ್ಮ ಮನೆಯನ್ನೇ ನೋಡಿ: ಕಿಟಕಿಯ ಮೇಲೆ ಮರದ ಪಟ್ಟಿಗಳನ್ನು ಚೂಪಾಗಿ ಜೋಡಿಸಿದ ‘ಮಂಕಿ ಟಾಪ್’ ದಂಡಿನ ಬಂಗಲೆಗಳನ್ನು ನೋಡಿ ಮಾಡಿಸಿದ್ದು, ಅದರ ಕೆಳಗೇ ಜಗಲಿ, ಹಿತ್ತಲಿನಲ್ಲಿ ತುಳಸಿಕಟ್ಟೆ. ಮೇಲಿನ ಮಂಗಳೂರು ಹೆಂಚನ್ನು ನಮ್ಮ ಜೇಡಿಮಣ್ಣಿನಿಂದ ಕಾರ್ಖಾನೆಯಲ್ಲಿ ಮಾಡಲು 1865ರಲ್ಲಿ ತೊಡಗಿದವರು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು, ಅವರೂ ಬ್ರಿಟಿಷರಲ್ಲ. ಮರ ಕೊರೆದ ಬಡಗಿಗೆ ಫಲಕದಲ್ಲಿ ಒಂದು ಸಾಲೂ ಇಲ್ಲ.

ಪರಂಪರೆಯ ಮೇಲೆ ಇಷ್ಟು ಪ್ರೀತಿ ಉಕ್ಕಿರುವವರು ಮನೆಯ ಹಿಂದಿನ ಆ ಗಲ್ಲಿಗೂ ಒಮ್ಮೆ ದಯಮಾಡಿಸಬಹುದಿತ್ತು. ಅಲ್ಲಿ ಕಟ್ಟಡದ ಅವಶೇಷ ಸುರಿಯುತ್ತಿದ್ದಾರೆಂದು ಎರಡು ಸಲ ಅರ್ಜಿ ಕೊಟ್ಟೆ. ಅಂಥದೊಂದು ಗಲ್ಲಿಯೇ ದಾಖಲೆಯಲ್ಲಿಲ್ಲ ಎಂದು ಸಂಬಂಧಪಟ್ಟ ಕಚೇರಿಯಲ್ಲಿ ಹೇಳಿದರು. ಹಾಗಾದರೆ ನನ್ನ ಅಡುಗೆಮನೆಗೆ ನುಗ್ಗುವ ಇಲಿಗಳು ಯಾವ ದಾಖಲೆಯಿಂದ ಬರುತ್ತಿವೆಯೋ! ಬೀದಿದೀಪದ ಅರ್ಜಿಯ ಕಥೆಯಂತೂ ಬೇಡ.

ಫಲಕವನ್ನು ಕಿತ್ತುಹಾಕಲಿ, ಇಲ್ಲವೇ ತಿಳಿದವರಿಂದ ತಿದ್ದಿಸಿ ಅಲ್ಲಿಯೇ ಇಡಲಿ. ಎರಡೂ ಆಗದಿದ್ದರೆ ಗುಂಡಿಯನ್ನಾದರೂ ಮುಚ್ಚಲಿ. ಅದಕ್ಕೂ ಅನುದಾನವಿಲ್ಲವೆಂದರೆ ‘ಇದೂ ಬ್ರಿಟಿಷರು ತೋಡಿದ್ದು’ ಎಂದು ಇನ್ನೊಂದು ಫಲಕ ನೆಡಲಿ, ನಾಚಿಕೆಯಂತೂ ಹೇಗೂ ಇಲ್ಲ.

– ನೊಂದ ನಿವಾಸಿ, ಮಲ್ಲೇಶ್ವರ, ಬೆಂಗಳೂರು