ಗೆಳತಿ ಕೊಟ್ಟ ಪುಸ್ತಕ ಓದುವಾಗ

ಬದಿಯಡ್ಕ

ಪ್ರೀತಿಯ ತಂಗೀ,

ಗೆಳತಿ 'ಚಿರಸ್ಮರಣೆ' ಕೈಗಿಟ್ಟು "ಓದಲೇಬೇಕು" ಅಂದಳು, 10 ದಿನವಾದರೂ 30ನೇ ಪುಟ ದಾಟಿಲ್ಲ ಎಂದು ಬರೆದಿದ್ದೀ. ಅವಳಿಗೆ ಕಣ್ಣೀರು ತರಿಸಿದ ಜಾಗ ಯಾವಾಗ ಬರುತ್ತದೋ ಎಂದು ಕಾಯುತ್ತಾ ಓದುತ್ತಿದ್ದೀ, ಅದೇ ತೊಡಕು. ಓದಿ ಮುಗಿಸುವ ತನಕ ಅವಳ ಹತ್ತಿರ ಆ ಪುಸ್ತಕದ ಸುದ್ದಿ ಎತ್ತಬೇಡ.

ಮೊದಲ ಸಲ ಪೆನ್ಸಿಲ್ ಹಿಡಿಯದೆ ಓದು. ದಿನಕ್ಕೆ 25 ಪುಟ, ಒಮ್ಮೆಲೇ ಕೂತು. ಬಸ್ಸಿನಲ್ಲಿ ಐದೈದು ಪುಟ ಓದಿದರೆ ಯಾರು ಯಾರ ಮಗ ಎಂಬುದೇ ಮರೆತುಹೋಗುತ್ತದೆ. ನಡುವೆ ಎರಡು ದಿನ ತಪ್ಪಿದರೆ ನಿಲ್ಲಿಸಿದಲ್ಲಿಂದ 2 ಪುಟ ಹಿಂದಕ್ಕೆ ಹೋಗಿ ಶುರುಮಾಡು.

ಕಥೆಯ ಹಿಂದಿನ ಸಂಗತಿ ನಮ್ಮ ಕಾಸರಗೋಡು ಜಿಲ್ಲೆಯದೇ. 1941ರ ಮಾರ್ಚ್‌ನಲ್ಲಿ ಕಯ್ಯೂರಿನ ರೈತರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. ಅದೇ ಪ್ರಕರಣದಲ್ಲಿ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ನಿರಂಜನರ ಕಾದಂಬರಿ ಬಂದದ್ದು 1955ರಲ್ಲಿ. ಸದ್ಯಕ್ಕೆ ಇಷ್ಟು ಸಾಕು. ಹೆಚ್ಚು ಓದಿಕೊಂಡು ಹೋದರೆ ಪ್ರತಿ ಪುಟವನ್ನೂ ಚರಿತ್ರೆಯ ಜೊತೆ ತಾಳೆ ನೋಡುತ್ತಾ ಕೂರುತ್ತೀ.

ನೀನು ಬರೆಯುವವಳಾದ್ದರಿಂದ ಎರಡನೇ ಓದು ಬೇಕು. ಇಡೀ ಪುಸ್ತಕ ಬೇಡ, ಮಾತುಕತೆ ಹೆಚ್ಚಿರುವ 3 ಕಡೆ ಮಾತ್ರ. ನಿನ್ನ ಕತೆಗಳ ಜನ ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ ಆಡುವವರು. ಕಾಗದದ ಮೇಲೆ ಮಾತ್ರ ಎಲ್ಲರ ಬಾಯಲ್ಲೂ ಪಾಠಪುಸ್ತಕದ ಕನ್ನಡ. ಕಯ್ಯೂರಿನ ರೈತರ ಮಾತೂ ಮಲಯಾಳವೇ. ಅದನ್ನು ನಿರಂಜನರು ಕನ್ನಡದಲ್ಲಿ ಹೇಗೆ ನಿಭಾಯಿಸಿದ್ದಾರೆ ಎಂದು ಕೈಯಾರೆ ಬರೆದು ನೋಡು. 15 ಸಾಲು ಸಂಭಾಷಣೆಯನ್ನು ಸಾಲು ಬಿಟ್ಟು ಸಾಲು ನಕಲು ಮಾಡು. ಖಾಲಿ ಸಾಲಿನಲ್ಲಿ ಅದೇ ಮಾತನ್ನು ಮಲಯಾಳದಲ್ಲಿ, ಕನ್ನಡ ಲಿಪಿಯಲ್ಲೇ ಬರೆ.

'ಞಾನ್ ವರುನ್ನಿಲ್ಲ', 'ನಾನು ಬರುವುದಿಲ್ಲ'. ಎರಡರಲ್ಲೂ ಪದಗಳ ಸರದಿ ಒಂದೇ, ಅಲ್ಲಿ ತೊಂದರೆಯಿಲ್ಲ. ಕಾಸರಗೋಡಿನ ಬಾಯಲ್ಲಿ ಅದು 'ನಾ ಬರುದಿಲ್ಲ' ಆಗುತ್ತದಲ್ಲ, ಆ ಕೊನೆಯ ತುಂಡಿನಲ್ಲೇ ಆಡುವವರ ದನಿ ಇರುವುದು. ಅಷ್ಟನ್ನು ಸರಿಮಾಡಿದರೆ ಅರ್ಧ ಕೆಲಸ ಆಯಿತು. ಇನ್ನು ಕರೆಯುವ ಪದ: 'ಏಟ್ಟ' ಎಂಬಲ್ಲಿ 'ಅಣ್ಣ' ಎಂದು ಬರೆದೆಯೋ, ಮನೆಯೇ ಬೇರೆಯಾಗುತ್ತದೆ. ದೃಶ್ಯದ ಶುರುವಿಗೆ ಒಮ್ಮೆ 'ಏಟ್ಟ' ಬಂದರೆ ಮುಂದಿನದೆಲ್ಲ ಕಿವಿಗೆ ಮಲಯಾಳವಾಗಿಯೇ ಕೇಳುತ್ತದೆ. ಸಾಲಿಗೊಂದು ಹಾಕಿದರೆ ವೇಷ ಕಟ್ಟಿದಂತೆ ಕಾಣುತ್ತದೆ. ಪಕ್ಕದಲ್ಲಿ ಅರ್ಥವನ್ನಂತೂ ಕೊಡಲೇಬೇಡ.

ಪುಸ್ತಕ ಅವಳದ್ದು, ಪುಟ ಮಡಚಬೇಡ, ಕಾಗದದ ಚೂರು ಇಡು. ಮಳೆಗಾಲದಲ್ಲಿ ಗೋಡೆಗೆ ತಾಗಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಿಡಿದರೆ ಒಣಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಬಿಡು. ಬಿಸಿಲಿಗಿಟ್ಟರೆ ರಟ್ಟು ಸೊಟ್ಟಗಾಗುತ್ತದೆ.

ಹಿಂದಿರುಗಿಸುವಾಗ "ಚೆನ್ನಾಗಿದೆ" ಎಂದಷ್ಟೇ ಹೇಳಬೇಡ. ಯಾವ ಪುಟದಲ್ಲಿ ನಿಂತೆ, ಯಾವ ಪುಟದಲ್ಲಿ ಬೇಸರವಾಯಿತು ಎಂದು ಹೇಳು. ಹಿಡಿಸದಿದ್ದರೆ ಅದನ್ನೂ ಹೇಳು, ಮುಗಿಸಿದ ಮೇಲೆ.

ನಕಲು ಮಾಡಿದ 15 ಸಾಲು ನನಗೂ ಕಳಿಸು. ಮಲಯಾಳದ ಸಾಲುಗಳನ್ನು ಅಳಿಸದೆ ಕಳಿಸು.

ನಿನ್ನ
ಅಕ್ಕ