ನೋವಿಲ್ಲದ ಗಂಟು, ಓದಲಾಗದ ಕರಪತ್ರ

ಮಾನ್ಯ ಸಂಪಾದಕರೇ,

ನನ್ನ ಅತ್ತಿಗೆಗೆ ಈಗ 54 ವರ್ಷ. ಸುಲಿದ ಅಡಿಕೆ ರಾಶಿಯ ಮುಂದೆ ಕೂತರೆ ಒಳ್ಳೆಯದು ಯಾವುದು, ಪಟೋರ ಯಾವುದು ಎಂದು ಮುಟ್ಟಿಯೇ ಹೇಳುವವರು. ಎರಡು ವರ್ಷದ ಹಿಂದೆ ದೀಪಾವಳಿಯ ಎಣ್ಣೆಸ್ನಾನದ ದಿನ ಅದೇ ಬೆರಳಿಗೆ ಎಡ ಸ್ತನದಲ್ಲಿ, ಕಂಕುಳ ಕಡೆಗೆ, ಗಟ್ಟಿಯಾದ ಒಂದು ಗಂಟು ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಆಮೇಲೆ ನಾನು ಕೇಳಿದಾಗ, "ಅಡಿಕೆಯಷ್ಟೇ ಇತ್ತು ಮಾರಾಯ್ತಿ, ಸ್ವಲ್ಪವೂ ನೋವಿರಲಿಲ್ಲ. ನೋವಿದ್ದಿದ್ದರೆ ಹೇಳುತ್ತಿದ್ದೆ" ಅಂದರು.

ದೀಪಾವಳಿ ಕಳೆದು ಮೇ ತಿಂಗಳ ಕೊನೆಯ ಪತ್ತನಾಜೆ ಬಂತು. ಏಳು ತಿಂಗಳು. ಅಷ್ಟರಲ್ಲಿ ಗಂಟಿನ ಮೇಲಿನ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗಿತ್ತು, ತೊಟ್ಟು ಒಳಕ್ಕೆ ಎಳೆದುಕೊಂಡಿತ್ತು. ಮಂಗಳೂರಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಕಂಕುಳ ಗ್ರಂಥಿಗಳಿಗೂ ಹಬ್ಬಿತ್ತು. ಕಿಮೋ, ಆಪರೇಷನ್, ರೇಡಿಯೇಷನ್ ಎಲ್ಲ ಆಯಿತು. ಈಗ ಮನೆಯಲ್ಲಿದ್ದಾರೆ. ಎಡಗೈ ಬಾತುಕೊಳ್ಳುತ್ತದೆ, ಭಾರ ಎತ್ತುವಂತಿಲ್ಲ.

ನಾನು ಈ ಪತ್ರ ಬರೆಯಲು ಕಾರಣವಾದದ್ದು ಆ ದಿನಗಳಲ್ಲಿ ಅವರ ಅಡುಗೆಮನೆಯಲ್ಲಿ ಸಿಕ್ಕಿದ ಒಂದು ಕಾಗದ. ಸಾಸಿವೆ ಡಬ್ಬದ ಕೆಳಗೆ ಹಾಸಿದ್ದರು. ತೆಗೆದು ನೋಡಿದರೆ ಸ್ತನ ಕ್ಯಾನ್ಸರಿನ ಕರಪತ್ರ, ಪೂರ್ತಿ ಮಲಯಾಳದಲ್ಲಿ. ಅದರಲ್ಲಿ ಮೊದಲ ಲಕ್ಷಣವೇ "ವೇದನಯಿಲ್ಲಾತ್ತ ಮುಳ", ಅಂದರೆ ನೋವಿಲ್ಲದ ಗಂಟು. ಅತ್ತಿಗೆಗೆ ಗೊತ್ತಿರಬೇಕಾಗಿದ್ದ ಮಾತು ಅದೊಂದೇ. ಅದು ತಿಂಗಳುಗಟ್ಟಲೆ ಅವರ ಮನೆಯಲ್ಲೇ ಇತ್ತು. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ ಅವರು ಈ ಪತ್ರಿಕೆಯನ್ನು ದಿನವೂ ಓದುತ್ತಾರೆ. ಮಲಯಾಳ ಲಿಪಿ ಅವರಿಗೆ ಬಾರದು. ಕೇರಳಕ್ಕೆ ಸೇರಿದ್ದರೂ ನಮ್ಮ ಕಾಸರಗೋಡಿನ ಕಡೆ ಅವರ ಪ್ರಾಯದ ಎಷ್ಟೋ ಹೆಂಗಸರಿಗೆ ಬಾರದು.

ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಹೆದರಬೇಕಾಗಿಲ್ಲ. ಆದರೆ ಅಲ್ಲ ಎಂದು ಹೇಳಬೇಕಾದವರು ಡಾಕ್ಟರು. ಈ ಕಾಯಿಲೆಯ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ, ಮೋಸವಾಗುವುದು ಅಲ್ಲೇ. ತೊಟ್ಟಿನಿಂದ ರಕ್ತ ಮಿಶ್ರಿತ ನೀರು, ಕಂಕುಳಲ್ಲಿ ಗಡ್ಡೆ, ಒಂದು ಪಕ್ಕದ ಆಕಾರ ಬದಲಾಗುವುದು, ಇವನ್ನೂ ತೋರಿಸಬೇಕು.

"ನಾವು ತೋಟದಲ್ಲಿ ದುಡಿಯುವವರು, ನಮಗೆಲ್ಲಿಂದ ಬರುತ್ತದೆ?" ಎನ್ನುವವರಿದ್ದಾರೆ. ಮೈ ದಣಿಸುವುದು, ಮುಟ್ಟು ನಿಂತ ಮೇಲೆ ತೂಕ ಏರದಂತೆ ನೋಡಿಕೊಳ್ಳುವುದು, ಮಗುವಿಗೆ ಹೆಚ್ಚು ಕಾಲ ಮೊಲೆಹಾಲು ಕೊಡುವುದು, ಮದ್ಯದಿಂದ ದೂರ ಇರುವುದು, ಇವೆಲ್ಲ ಅಪಾಯ ಕಡಿಮೆ ಮಾಡುತ್ತವೆ, ನಿಜ. ಆದರೆ ಅತ್ತಿಗೆ ಇಬ್ಬರು ಮಕ್ಕಳಿಗೂ ಎರಡೆರಡು ವರ್ಷ ಹಾಲುಣಿಸಿದವರು, ತೆಳ್ಳಗಿನ ಮೈಯವರು. ಅವರಿಗೂ ಬಂತು. ಆದ್ದರಿಂದಲೇ ಪರೀಕ್ಷೆ ಬೇಕು ಎನ್ನುವುದು. 30 ದಾಟಿದ ಹೆಂಗಸರ ಎದೆ ಪರೀಕ್ಷೆ ದೇಶದ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ. ಮುಂಬೈಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳೆಗೇರಿಗಳಲ್ಲಿ ಒಂದು ಅಧ್ಯಯನ ಆರಂಭಿಸಿದ್ದರು. ತರಬೇತಾದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕಾಯಿಲೆಯ ಬಗ್ಗೆ ತಿಳಿಹೇಳಿ ಕೈಯಿಂದ ಮುಟ್ಟಿ ನೋಡುವುದು, ಅಷ್ಟೇ. 2021ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು: 50 ಮೀರಿದ ಹೆಂಗಸರಲ್ಲಿ ಈ ಕಾಯಿಲೆಯ ಸಾವು ಹತ್ತಿರ ಹತ್ತಿರ ಶೇ. 30ರಷ್ಟು ಇಳಿದಿತ್ತು. ದೊಡ್ಡ ಯಂತ್ರವಲ್ಲ, ತರಬೇತಿ ಪಡೆದ ಕೈ!

1969ರ ಕೇರಳ ಅಧಿಕೃತ ಭಾಷಾ ಕಾನೂನು ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಬೋರ್ಡು, ಅರ್ಜಿಗಳಿಗಾಗಿ ನಾವು ಗಲಾಟೆ ಮಾಡುತ್ತೇವೆ, ಮಾಡಬೇಕಾದದ್ದೇ. ಹೆಂಗಸರ ಜೀವದ ಈ ಕಾಗದಕ್ಕೂ ಕೇಳೋಣ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಹಂಚುವ ಕರಪತ್ರಕ್ಕೆ ಕನ್ನಡದ ಒಂದು ಪುಟ ಸೇರಿಸಲಿ. ಓದಲು ಬಾರದವರಿಗೆ ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀಯ ಸಭೆಯಲ್ಲಿ ತುಳುವಿನಲ್ಲಿ, ಕನ್ನಡದಲ್ಲಿ ಓದಿ ಹೇಳಲಿ.

ಆ ಕರಪತ್ರವನ್ನು ನಾನು ಕನ್ನಡಕ್ಕೆ ಮಾಡಿಟ್ಟಿದ್ದೇನೆ, ಒಂದೂವರೆ ಪುಟ ಆಗಿದೆ. ಡಾಕ್ಟರೊಬ್ಬರು ನೋಡಿ ಸರಿ ಎಂದರೆ ತಮ್ಮ ಪತ್ರಿಕೆಯಲ್ಲಿ ಹಾಕಬಹುದೇ? ಒಪ್ಪಿಗೆಯಿದ್ದರೆ ತಿಳಿಸಿ, ಅತ್ತಿಗೆಗೆ ಓದಿ ತೋರಿಸಿ ಕಳುಹಿಸುತ್ತೇನೆ.

ಇಂತು,
ನಿವೃತ್ತ ಕನ್ನಡ ಅಧ್ಯಾಪಿಕೆ
ಪೆರ್ಲ, ಕಾಸರಗೋಡು ಜಿಲ್ಲೆ