ಭಾನುವಾರದ ಕಸದ ಸಿನಿಮಾ, ಎಲ್ರೂ ಒಮ್ಮೆ ಓದಿ

ಎಲ್ರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಲೈಬ್ರರಿ ಮೇಲಿನ ಹಾಲ್‌ನಲ್ಲಿ ಸೇರ್ತಿದೀವಿ, ಹೆಸರು ಕೊಟ್ಟಿರೋ ಆರೂ ಟೀಮ್‌ನವ್ರು ಬರ್ಲೇಬೇಕು. ಮಂಡೂರಿನ ಕಸದ ಗುಡ್ಡ ನೆನಪಿದ್ಯಲ್ಲ, ಊರೋರು ಹೋರಾಡಿ ಹೋರಾಡಿ 2014ರ ಕೊನೇಲಿ ಬೆಂಗಳೂರಿನ ಕಸದ ಲಾರಿಗಳು ಅಲ್ಲಿಗೆ ಬರೋದು ನಿಲ್ತು, ಅದನ್ನ 2125ರಲ್ಲಿ ಯಾರೋ ಅಗೆದ್ರೆ ನಮ್ಮ ಬಗ್ಗೆ ಏನಂದ್ಕೋತಾರೆ ಅಂತ ಊಹಿಸಿ, ಆ ಕಾಲದ ಒಂದು ವಸ್ತು ಕೈಯಾರೆ ಮಾಡಿ, ಮೊಬೈಲಲ್ಲಿ 2 ನಿಮಿಷದ ಫಿಲ್ಮ್ ತೆಗೀಬೇಕು. ಸ್ಪೆಕ್ಯುಲೇಟಿವ್ ಡಿಸೈನ್ ಅಂತಾರೆ, ಹೆಸ್ರಿಗೆ ಹೆದರ್ಬೇಡಿ, "ಹಿಂಗಾದ್ರೆ ಹೆಂಗೆ?" ಅಂತ ವಸ್ತು ಮಾಡಿ ಕೇಳೋದು ಅಷ್ಟೇ.

ಶನಿವಾರದ ತನಕ ಒಣಕಸ ಗಾಡಿಗೆ ಕೊಡ್ಬೇಡಿ, ತೊಳೆದು ಒಣಗಿಸಿ ಚೀಲದಲ್ಲಿ ತನ್ನಿ. ಚಿಪ್ಸ್ ಪ್ಯಾಕೆಟ್ ಮುಖ್ಯ, ಒಳಗಿನ ಬೆಳ್ಳಿ ಪದರ ಪ್ಲಾಸ್ಟಿಕ್ಕಿಗೆ ಅಂಟ್ಕೊಂಡಿರೋದ್ರಿಂದ ಗುಜರಿಯವ್ರೂ ಸಾಮಾನ್ಯವಾಗಿ ತಗೊಳಲ್ಲ. ನಮ್ಮನೇದು ಎತ್ತಿಟ್ಟು ನೋಡ್ದೆ, ನಾಲ್ಕೇ ದಿನಕ್ಕೆ 11 ಹಾಲಿನ ಕವರ್, ಕತ್ತರಿಸಿದ ಮೂಲೆ ಚೂರು ಮಾತ್ರ ಒಂದೂ ಸಿಗ್ಲಿಲ್ಲ, ಎಲ್ಲಾ ಸಿಂಕಲ್ಲೇ ಹೋಗಿವೆ!

ಹಸಿಕಸ, ಡೈಪರ್, ಗಾಜು ದಯವಿಟ್ಟು ಬೇಡ, ಹೋದ್ಸಲದ ವಾಸನೆ ಇನ್ನೂ ಹೋಗಿಲ್ಲ. ಎಷ್ಟು ಜನ ಬರ್ತೀರಿ ಅಂತ ಟೀಮಿಗೊಬ್ರು ಗುರುವಾರ ರಾತ್ರಿಯೊಳಗೆ ಇಲ್ಲೇ ಹಾಕಿ, ಬರೀ ಥಂಬ್ಸ್ ಅಪ್ ಒತ್ತಿದ್ರೆ ತಿಂಡಿ ಲೆಕ್ಕ ಸಿಗಲ್ಲ.